ಕಾಳು ಚೀಲಕ್ಕೆ ವಾಪಸ್ ಹೋಗುತ್ತಾ?

ದಸರಾ ರಜೆಗೆ ಅಕ್ಕನ ಮಗ ಹಾಸನಕ್ಕೆ ಬಂದಿದ್ದ. ಒಂಬತ್ತನೇ ಕ್ಲಾಸು. ಬಂದ ದಿನವೇ ನನ್ನ ಕಂಪ್ಯೂಟರಿನಲ್ಲಿ ‘ಟೀಮ್ ಫೋರ್ಟ್ರೆಸ್ 2’ ಹಾಕಿಕೊಂಡು ಕೂತ. ಎರಡು ತಂಡ, ಒಂಬತ್ತು ಬಗೆಯ ಪಾತ್ರ, ಹೊತ್ತು ಮುಳುಗುವವರೆಗೂ ಢಂ ಢಂ. ನನಗೆ ಆಟಕ್ಕಿಂತ ಅವನ ಮುಖ ನೋಡುವುದೇ ಮಜಾ. ಗುಂಡು ಹಾರಿಸುವಾಗ ಕಲ್ಲಿನ ಹಾಗೆ ಕೂತಿರುತ್ತಿದ್ದ. ಹೊಸ ವಸ್ತು ಸಿಕ್ಕಿದೆ ಎಂದು ಪರದೆ ಹೇಳಿದರೆ ಸಾಕು, ಕುರ್ಚಿಯ ತುದಿಗೆ ಬರುತ್ತಿದ್ದ. ಸಿಕ್ಕಿದ್ದು ಹಳೇ ಬಂದೂಕೇ ಆದರೆ, “ಥೂ, ಮತ್ತೆ ಇದೇ!”

ಆಟದಲ್ಲಿ ಬೀಗ ಹಾಕಿದ ಪೆಟ್ಟಿಗೆಗಳು ಸಿಗುತ್ತವೆ. ಒಳಗಿನ ವಸ್ತು ಬೇಕಾದರೆ ದುಡ್ಡು ಕೊಟ್ಟು ಕೀ ಕೊಳ್ಳಬೇಕು. ಮೂರನೇ ದಿನ ಮೆಲ್ಲಗೆ ಶುರು ಮಾಡಿದ. “ಮಾವ, ಪೆಟ್ಟಿಗೆ ತೆಗೆಯೋಕೆ ಒಂದು ಕೀ ಕೊಡಿಸ್ತೀರಾ? ನೂರು ಪೆಟ್ಟಿಗೇಲಿ ಒಂದರಲ್ಲಿ ಭಾರಿ ಅಪರೂಪದ್ದು ಇರುತ್ತಂತೆ.”

“ನೂರು ತೆಗೆದ್ರೆ ಗ್ಯಾರಂಟಿ ಸಿಗುತ್ತೇನೋ?”

“ಹೂಂ ಮತ್ತೆ. ನೂರಕ್ಕೆ ಒಂದು ಅಂದ್ರೆ ಅದೇ ಅಲ್ವಾ?”

ಅದೇ ಅಲ್ಲ. ಆದರೆ ಬಾಯಲ್ಲಿ ಹೇಳಿದರೆ ಹುಡುಗರು ನಂಬುವುದಿಲ್ಲ. ಅಡುಗೆಮನೆಯಿಂದ ಒಣ ಅವರೆಕಾಳು ತಂದು 100 ಎಣಿಸಿದೆವು. ಒಂದರ ಮೇಲೆ ಸ್ಕೆಚ್ ಪೆನ್ನಿನಿಂದ ಕಪ್ಪು ಚುಕ್ಕೆ ಇಟ್ಟು, ಎಲ್ಲವನ್ನೂ ಬಟ್ಟೆ ಚೀಲಕ್ಕೆ ಸುರಿದೆ. ಕಣ್ಣು ಮುಚ್ಚಿ ಒಂದು ತೆಗಿ, ನೋಡು, ವಾಪಸ್ ಹಾಕು, ಕುಲುಕು, ಮತ್ತೆ ತೆಗಿ. ಮೊದಲ ಸುತ್ತಿನಲ್ಲಿ 31ನೇ ಸಲಕ್ಕೇ ಚುಕ್ಕೆ ಕಾಳು ಬಂತು. ಅವನು ಬೀಗಿದ. ಎರಡನೇ ಸುತ್ತಿನಲ್ಲಿ 100 ದಾಟಿತು, 120 ದಾಟಿತು. “ಇನ್ನು ಬರ್ಲೇಬೇಕು” ಅಂತ ಪಟ್ಟು ಹಿಡಿದ. 142ಕ್ಕೆ ಕೈ ಸೋತು ಚೀಲ ಕೆಳಗಿಟ್ಟ.

ಲೆಕ್ಕ ಸುಲಭವಿದೆ. ಒಂದು ಸಲ ತೆಗೆದಾಗ ಚುಕ್ಕೆ ಕಾಳು ಸಿಗದಿರುವ ಸಾಧ್ಯತೆ 0.99. ಎರಡು ಸಲವೂ ಸಿಗದಿರಲು 0.99ನ್ನು 0.99ರಿಂದ ಗುಣಿಸಬೇಕು. ಹೀಗೆ 100 ಸಲ ಗುಣಿಸುತ್ತಾ ಹೋದರೆ 0.366ಕ್ಕೆ ಬಂದು ನಿಲ್ಲುತ್ತೀರಿ. ಅಂದರೆ 100 ಜನ ತಲಾ 100 ಪೆಟ್ಟಿಗೆ ತೆಗೆದರೆ ಸುಮಾರು 37 ಜನ ಬರಿಗೈಯಲ್ಲಿ ಏಳುತ್ತಾರೆ. ಸಿಕ್ಕೇ ಸಿಗುತ್ತೆ ಎಂದು ನೂರಕ್ಕೆ ತೊಂಬತ್ತರಷ್ಟು ಧೈರ್ಯದಿಂದ ಹೇಳಬೇಕಾದರೆ 230 ಪೆಟ್ಟಿಗೆ ಬೇಕು. ಒಂದು ಕೀ ಬೆಲೆ 2.49 ಡಾಲರ್, ನಮ್ಮ ಲೆಕ್ಕದಲ್ಲಿ 200 ರೂಪಾಯಿಗೂ ಮೇಲೆ. ಗುಣಾಕಾರ ಅವನಿಗೇ ಬಿಟ್ಟೆ.

ತೆಗೆದ ಕಾಳನ್ನು ವಾಪಸ್ ಹಾಕದೇ ಇದ್ದಿದ್ದರೆ? ಆಗ ಅವನು ಹೇಳಿದ್ದೇ ಸರಿ. ನೂರರೊಳಗೆ ಬಂದೇ ಬರುತ್ತಿತ್ತು. ಆಟಗಳಲ್ಲಿ ಹೊಸ ಆಯುಧ ಪಡೆಯುವ ದಾರಿಗಳು ಹತ್ತಾರಿವೆ. ಯಾವುದನ್ನೇ ನೋಡಿದರೂ ನಾನು ಮೊದಲು ಕೇಳುವುದು ಇದೊಂದೇ: ಕಾಳು ಚೀಲಕ್ಕೆ ವಾಪಸ್ ಹೋಗುತ್ತಾ, ಇಲ್ವಾ?

ಈ ಆಟದಲ್ಲಿ ಮೊದಲು ಚೀಲವೇ ಇರಲಿಲ್ಲ. 2007ರಲ್ಲಿ ಬಂದಾಗ ಪ್ರತಿ ಪಾತ್ರಕ್ಕೂ ಗೊತ್ತುಪಡಿಸಿದ ಆಯುಧ, ಅಷ್ಟೇ. 2008ರ ಏಪ್ರಿಲ್‌ನಲ್ಲಿ ವೈದ್ಯನ ಪಾತ್ರಕ್ಕೆ ಹೊಸ ಆಯುಧ ಕೊಟ್ಟರು. ಪಡೆಯಬೇಕಾದರೆ ಇಂತಿಂಥ ಸಾಹಸ ಮಾಡಿ ತೋರಿಸಬೇಕು. ಕೂಲಿ ಮಾಡಿದರೆ ಸಂಬಳ, ನ್ಯಾಯವಾದ ವ್ಯವಹಾರ. ಆದರೆ ಎಲ್ಲರೂ ಒಟ್ಟಿಗೆ ವೈದ್ಯರಾಗಿಬಿಟ್ಟರು! ಸುತ್ತ ಬರೀ ಡಾಕ್ಟರು, ಗುಂಡು ಹೊಡೆಯುವವರೇ ಇಲ್ಲ. 2009ರ ಮೇ ತಿಂಗಳಲ್ಲಿ ಹೊಸ ಏರ್ಪಾಡು ಬಂತು. ಸುಮ್ನೆ ಆಡ್ತಾ ಇರಿ, ಆಗಾಗ ಯಾವುದೋ ಒಂದು ವಸ್ತು ಉದುರುತ್ತದೆ. ಈಗಿನ ಲೆಕ್ಕದಲ್ಲಿ 30ರಿಂದ 70 ನಿಮಿಷಕ್ಕೆ ಒಂದು, ವಾರಕ್ಕೆ ಸುಮಾರು 10 ಗಂಟೆಯ ಮಿತಿ.

ಚೆನ್ನಾಗಿ ಆಡಿದವರಿಗೂ ಅಷ್ಟೇ, ಕೂತು ಆಕಳಿಸಿದವರಿಗೂ ಅಷ್ಟೇ. ಜನ ಇದನ್ನು ಎಷ್ಟು ಬೇಗ ಪತ್ತೆ ಹಚ್ಚಿದರೆಂದರೆ, ಆಟ ತೆರೆದಂತೆ ನಟಿಸುವ ಪ್ರೋಗ್ರಾಂ ಹಾಕಿ ಮಲಗತೊಡಗಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಟ ತಯಾರಿಸಿದ ವಾಲ್ವ್ ಕಂಪನಿ ಹಾಗೆ ಗಳಿಸಿದ ವಸ್ತುಗಳನ್ನು ಕಿತ್ತುಕೊಂಡಿತು. ಕಳ್ಳಾಟ ಆಡದವರ ತಲೆಗೆ ಒಂದು ಪ್ರಭಾವಳಿ ತೊಡಿಸಿತು.

ಮಲಗಿದವರು ಸೋಮಾರಿಗಳಾದರೂ ದಡ್ಡರಲ್ಲ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡಿದ್ದೂ ಇದನ್ನೇ. ಗುಂಡಿ ಕುಕ್ಕಿದರೆ ಕಾಳು ಬೀಳುವ ಪೆಟ್ಟಿಗೆ ಅವರದು. ಇಷ್ಟು ಹೊತ್ತಾದ ಮೇಲೆ ಕುಕ್ಕಿದರೆ ಕಾಳು ಎಂದು ಇಟ್ಟರೆ ಹಕ್ಕಿ ನಿಧಾನಕ್ಕೆ ಕುಕ್ಕುತ್ತಿತ್ತು. ಜಾಸ್ತಿ ಕುಕ್ಕಿದರೆ ಜಾಸ್ತಿ ಸಿಗೋಲ್ಲವಲ್ಲ. ಸಮಯದ ಬದಲು ಕುಕ್ಕಿನ ಎಣಿಕೆಗೆ ಕಾಳು, ಅದೂ ಎಷ್ಟನೇ ಕುಕ್ಕಿಗೆ ಅಂತ ಗೊತ್ತಿಲ್ಲ ಎಂದು ಇಟ್ಟಾಗ ಹಕ್ಕಿಗೆ ಹುಚ್ಚು ಹಿಡಿದಂತಾಯಿತು. ಎಡೆಬಿಡದೆ ಕುಕ್ಕಿತು. ಕಾಳು ಕೊಡುವುದನ್ನು ನಿಲ್ಲಿಸಿದ ಮೇಲೂ ಬಹಳ ಹೊತ್ತು ಬಿಡಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಆಟಕ್ಕೆ ಬಂದ ಬೀಗದ ಪೆಟ್ಟಿಗೆ ಈ ಎರಡನೇ ಜಾತಿಯದು. ಸಮಯದ ಮಿತಿ ಇಲ್ಲ. ದುಡ್ಡಿದ್ದಷ್ಟು ಕುಕ್ಕಬಹುದು.

ಗೊರೂರಿನ ಹೇಮಾವತಿ ಹಿನ್ನೀರಿನ ದಡದಲ್ಲಿ ಗಾಳ ಹಾಕಿ ಕೂತವರನ್ನು ನೋಡಿ. ಮೀನು ಸಿಕ್ಕಾಗಿನ ಮುಖಕ್ಕಿಂತ, ದಾರ ಅಲ್ಲಾಡಿತೇ ಇಲ್ಲವೇ ಎಂದು ನೋಡುವ ಮುಖದಲ್ಲೇ ಕಳೆ ಜಾಸ್ತಿ. ಇದಕ್ಕೆ ಮಿದುಳಿನಲ್ಲಿ ಕುರುಹಿದೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಜೊತೆಗಾರರು ಕೋತಿಗಳಿಗೆ ಒಂದು ಚಿತ್ರ ತೋರಿಸಿ, ಆಮೇಲೆ ಜ್ಯೂಸ್ ಕೊಟ್ಟು ನೋಡಿದರು. ಕೆಲವು ಚಿತ್ರ ಬಂದರೆ ಜ್ಯೂಸ್ ಖಂಡಿತ, ಕೆಲವಕ್ಕೆ ಇಲ್ಲವೇ ಇಲ್ಲ, ಕೆಲವಕ್ಕೆ ಅರ್ಧಂಬರ್ಧ ಭರವಸೆ. ಚಿತ್ರಕ್ಕೂ ಜ್ಯೂಸಿಗೂ ನಡುವೆ ಕಾಯುವ ಹೊತ್ತಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಸೂಸುವ ನರಕೋಶಗಳು ಹೆಚ್ಚು ಚುರುಕಾಗಿದ್ದದ್ದು ಯಾವಾಗ ಗೊತ್ತಾ? ಸಿಗುವ ಸಾಧ್ಯತೆ ಸರಿಯಾಗಿ 50-50 ಇದ್ದಾಗ. 2003ರ ಫಲಿತಾಂಶ ಇದು. ಪೆಟ್ಟಿಗೆ ತೆಗೆಯುವ ಮುನ್ನ ಚಕ್ರ ತಿರುಗಿಸುವುದು, ಸೆಕೆಂಡು ಎಣಿಸುವುದು ಎಲ್ಲ ಆ ಕಾಯುವ ಹೊತ್ತನ್ನು ಎಳೆಯುವ ಕಸುಬು ಅಂತ ನನ್ನ ಗುಮಾನಿ.

ನಮ್ಮ ಹುಡುಗನ “ಮತ್ತೆ ಇದೇ” ಗೋಳಿಗೆ ಕಾರಣ ಬೇರೆ. ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಮೊದಲೆಲ್ಲ ತೆಗೆದಿದ್ದೆಲ್ಲ ಹೊಸದೇ. ಕೊನೆಕೊನೆಗೆ ಅದೇ ಮುಖ ಐದೈದು. ಒಟ್ಟು 20 ಬಂದೂಕು ಇವೆ, ಪ್ರತಿಯೊಂದೂ ಸಮನಾಗಿ ಉದುರುತ್ತವೆ ಎಂದುಕೊಳ್ಳಿ. ಮೊದಲ 10 ಬೇರೆ ಬೇರೆ ಬಂದೂಕು ಸೇರಿಸಲು ಸರಾಸರಿ 13 ಸಲ ಸಾಕು. ಉಳಿದ 10ಕ್ಕೆ ಸುಮಾರು 59 ಸಲ ಬೇಕು. ಕಟ್ಟಕಡೆಯ ಒಂದಕ್ಕೇ 20 ಸಲ! 50 ನಿಮಿಷಕ್ಕೆ ಒಂದರಂತೆ ಉದುರಿದರೆ ಪೂರ್ತಿ ಸೆಟ್‌ಗೆ 60 ಗಂಟೆ, ವಾರದ ಮಿತಿ ಹಿಡಿದರೆ ಆರು ವಾರ.

ಇದಕ್ಕೆ ಮದ್ದು ಎರಡು. ಒಂದು, ಕರಗಿಸಿ ಹೊಸದು ಮಾಡುವುದು. 2009ರ ಡಿಸೆಂಬರಿನಲ್ಲಿ ಇದು ಬಂತು. ಎರಡು ಬೇಡದ ಆಯುಧ ಕರಗಿಸಿದರೆ ಒಂದು ಗುಜರಿ ಲೋಹ. ಮೂರು ಗುಜರಿಗೆ ಒಂದು ಮೇಲ್ದರ್ಜೆಯದು, ಅಂಥ ಮೂರಕ್ಕೆ ಒಂದು ಶುದ್ಧ ಲೋಹ. ಅಂದರೆ 18 ಬಂದೂಕಿಗೆ ಒಂದು ಶುದ್ಧ ಲೋಹ. ಎರಡು, ನನ್ನ ಹತ್ತಿರ ಎರಡಿದೆ, ನಿನ್ನ ಹತ್ತಿರ ಇಲ್ಲ, ಬದಲಾಯಿಸ್ಕೊಳ್ಳೋಣ ಎನ್ನುವ ಹಳೇ ಪದ್ಧತಿ. ಅದು 2010ರಲ್ಲಿ ಬಂತು.

ಬಂದ ಕೂಡಲೇ ಸಂತೆ ಕಟ್ಟಿತು. ಸಂತೆಗೆ ನಾಣ್ಯ ಬೇಕಲ್ಲ? ಜನ ಶುದ್ಧ ಲೋಹವನ್ನೂ ಕೀಯನ್ನೂ ನಾಣ್ಯ ಮಾಡಿಕೊಂಡರು, ಯಾರೂ ಹೇಳಿಕೊಡಲಿಲ್ಲ. 2012ರಲ್ಲಿ ವಾಲ್ವ್ ಒಬ್ಬ ಅರ್ಥಶಾಸ್ತ್ರಜ್ಞರನ್ನೇ ಕರೆಸಿಕೊಂಡಿತು. ಯಾನಿಸ್ ವರೂಫಾಕಿಸ್ ಅಂತ, 2015ರಲ್ಲಿ ಗ್ರೀಸ್ ದೇಶದ ಹಣಕಾಸು ಮಂತ್ರಿಯಾದರಲ್ಲ, ಅವರೇ. ಇಲ್ಲಿ ಕೊಂಡು ಅಲ್ಲಿ ಮಾರಿ, ಅದರಲ್ಲಿ ಮತ್ತೊಂದು ಕೊಂಡು ಸುತ್ತಿ ಬಂದರೆ ಲಾಭ ಉಳಿಯುತ್ತದೆಯೇ ಎಂದು ಅವರು ಹುಡುಕಿದರು. ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ರೇಟಿಗೂ ಬೆಂಗಳೂರಿನ ರೇಟಿಗೂ ಇರುವ ಅಂತರ ನೋಡಿ ಲಾರಿ ಹೊರಡಿಸುವವರ ಲೆಕ್ಕವೇ ಅದು. ಹಣದುಬ್ಬರವೂ ಬಂತು. ಲೋಹ ಪುಕ್ಕಟೆ ಉದುರುತ್ತಲೇ ಇರುತ್ತದೆ, ಕೀಗೆ ಮಾತ್ರ ಅಸಲಿ ದುಡ್ಡು ಕೊಡಬೇಕು. ಮೊದಮೊದಲು ಎರಡು ಮೂರು ಶುದ್ಧ ಲೋಹಕ್ಕೆ ಸಿಗುತ್ತಿದ್ದ ಕೀ ಬೆಲೆ ಆಮೇಲೆ 50 ದಾಟಿತು.

ಚೀಲದ ವಿಷಯಕ್ಕೆ ವಾಪಸ್ ಬರೋಣ. ಒಳಗೆ ಎಷ್ಟು ಚುಕ್ಕೆ ಕಾಳಿದೆ ಎಂದು ಕಂಪನಿಗಳು ಬಹಳ ಕಾಲ ಹೇಳುತ್ತಲೇ ಇರಲಿಲ್ಲ. 2017ರ ಮೇ 1ರಿಂದ ಹೇಳಲೇಬೇಕು ಅಂತ ಚೀನಾ ನಿಯಮ ಮಾಡಿತು. ವಾಲ್ವ್‌ನದೇ ಇನ್ನೊಂದು ಆಟ ‘ಕೌಂಟರ್-ಸ್ಟ್ರೈಕ್’ನ ಪೆಟ್ಟಿಗೆಗಳ ಗುಟ್ಟು ಹೊರಬಿದ್ದದ್ದು ಆಗಲೇ. ಅದರಲ್ಲಿ ಬಂದೂಕಲ್ಲ, ಬಂದೂಕಿನ ಬಣ್ಣ ಸಿಗುತ್ತದೆ. ಬಂದೂಕನ್ನು ಪಂದ್ಯದಲ್ಲೇ, ಪಂದ್ಯದ ದುಡ್ಡಿನಲ್ಲೇ ಕೊಳ್ಳಬೇಕು. ಎಲ್ಲರಿಗೂ ಬೇಕಾದ ಅಲಂಕಾರದ ಚಾಕು ಸಿಗುವ ಸಾಧ್ಯತೆ ಶೇ. 0.26. ಹೆಚ್ಚುಕಡಿಮೆ 385 ಕಾಳಿಗೆ ಒಂದು ಚುಕ್ಕೆ! ‘ಏಪೆಕ್ಸ್ ಲೆಜೆಂಡ್ಸ್’ ಆಟದಲ್ಲಿ ಸ್ವಲ್ಪ ದಯೆ ಇದೆ. ಬಹಳ ಅಪರೂಪದ ವಸ್ತು 500 ಪ್ಯಾಕ್ ಒಳಗೆ ಸಿಕ್ಕೇ ಸಿಗುತ್ತದೆ. ಅಲ್ಲಿ ಎಣಿಕೆ ನೆನಪಿರುತ್ತದೆ. 2018ರಲ್ಲಿ ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ತೀರ್ಮಾನಿಸಿತು. ಫ್ರಾನ್ಸಿನ ಕೌಂಟರ್-ಸ್ಟ್ರೈಕ್ ಆಟಗಾರರಿಗೆ 2019ರಲ್ಲಿ ಎಕ್ಸ್‌ರೇ ಯಂತ್ರ ಬಂತು. ಕೊಳ್ಳುವ ಮೊದಲೇ ಒಳಗೇನಿದೆ ನೋಡಬಹುದು. ಆದರೆ ಮುಂದಿನ ಪೆಟ್ಟಿಗೆ ನೋಡಬೇಕಾದರೆ ಈಗ ನೋಡಿದ್ದನ್ನು ಕೊಳ್ಳಲೇಬೇಕು. ಎಂಥಾ ತಲೆ ನೋಡಿ!

ಹುಡುಗ ಕೀ ಕೇಳುವುದನ್ನು ಬಿಟ್ಟನೇ? ಪೂರ್ತಿ ಇಲ್ಲ. ಮಾರನೆಯ ದಿನ ತನ್ನಲ್ಲಿದ್ದ ಎರಡು ಜೋಡಿ ಬಂದೂಕು ಕೊಟ್ಟು, ಕ್ಲಾಸ್‌ಮೇಟ್‌ನಿಂದ ತನಗೆ ಬೇಕಾದ್ದನ್ನು ಪಡೆದ. ಹತ್ತು ನಿಮಿಷದ ಕೆಲಸ.

ಅಷ್ಟರಲ್ಲಿ ಅಮ್ಮ ಬಂದರು. “ಆ ಸ್ಕೆಚ್ ಪೆನ್ನಿನ ಕಾಳು ಮೊದಲು ಹುಡುಕಿ ಕೊಡಿ. ಆಮೇಲೆ ಅವರೆಕಾಳು ನೆನೆ ಹಾಕ್ತೀನಿ.” ತಟ್ಟೆಗೆ ಸುರಿದರೆ ಮುಗಿಯಿತು ಎಂದೆ. ಅವನು ಒಪ್ಪಲಿಲ್ಲ. ಕಣ್ಣು ಮುಚ್ಚಿ ಒಂದೊಂದೇ ತೆಗೆದು ಪಕ್ಕದ ಪಾತ್ರೆಗೆ ಹಾಕುತ್ತಾ ಹೋದ. ಈ ಸಲ ಯಾವುದೂ ಚೀಲಕ್ಕೆ ವಾಪಸ್ ಹೋಗಲಿಲ್ಲ. 87ನೆಯದಕ್ಕೆ ಬಂತು.