ಮಣ್ಣಿನ ನುಸಿಗಳು: ಹೊಸ ಗುಂಪು ಅಂತ ಯಾವಾಗ ಹೇಳಬಹುದು?

ನುಸಿ ಅಂದ ಕೂಡಲೇ ನಮ್ಮ ಕಡೆ ನೆನಪಾಗುವುದು ತೆಂಗಿನಕಾಯಿಯ ನುಸಿಪೀಡೆ. ಅದು ಎರಿಯೋಫಿಡ್ ನುಸಿ. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ನುಸಿತಜ್ಞ ಜಿ.ಪಿ. ಚನ್ನಬಸವಣ್ಣ ಕೆಲಸ ಮಾಡಿದ್ದು ಆ ಗುಂಪಿನ ಮೇಲೆಯೇ. ಈ ಟಿಪ್ಪಣಿ ಮಾತ್ರ ಓರಿಬ್ಯಾಟಿಡ್ ಅನ್ನುವ ಮಣ್ಣಿನ ನುಸಿಗಳದ್ದು. ಹೊಂಗೆ ಮರದ ಕೆಳಗೆ ಕೊಳೆಯುತ್ತಿರುವ ಎಲೆಗಳಲ್ಲಿ ಸಿಗುವಂಥವು ಇವು. ಹೆಚ್ಚಿನವು ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಕೊಳೆತ ಎಲೆ, ಶಿಲೀಂಧ್ರ ಇವುಗಳ ಊಟ. ಈವರೆಗೆ 10,000ಕ್ಕೂ ಜಾಸ್ತಿ ಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ.

ಹಿಡಿಯುವುದು ಸುಲಭ. ಜಾಲರಿ ಹಾಕಿದ ಫನಲ್‌ನಲ್ಲಿ ಎಲೆಕಸ ತುಂಬಿ, ಮೇಲೆ ಬಲ್ಬ್ ಉರಿಸಿ, ಕೆಳಗೆ ಆಲ್ಕೋಹಾಲ್ ಇಡಬೇಕು. ಕಸ ಮೇಲಿಂದ ಒಣಗುತ್ತಾ ಬಂದಂತೆ ನುಸಿಗಳು ತೇವ ಹುಡುಕಿಕೊಂಡು ಕೆಳಗಿಳಿದು ಬೀಳುತ್ತವೆ. ಇಟಲಿಯ ಬರ್ಲೀಸ್ 1905ರಲ್ಲಿ ಕೊಟ್ಟ ಉಪಾಯ ಇದು. ಬಲ್ಬ್ ಸೇರಿಸಿದ್ದು ಸ್ವೀಡನ್ನಿನ ಟುಲ್‌ಗ್ರೆನ್. ಆಮೇಲೆ ಲ್ಯಾಕ್ಟಿಕ್ ಆಮ್ಲದಲ್ಲಿಟ್ಟರೆ ಕಪ್ಪು ಮೈ ತಿಳಿಯಾಗಿ, ಒಳಗಿನದೂ ಕಾಣುತ್ತದೆ.

ಕಷ್ಟವಿರುವುದು ಮೈ ಓದುವುದರಲ್ಲಿ. ಬೆನ್ನ ಮೇಲೆ ಎಷ್ಟು ಜೊತೆ ಕೂದಲು, ಕಾಲಿನ ಯಾವ ಗೆಣ್ಣಿನಲ್ಲಿ ಎಷ್ಟು, ಕಾಲಿನ ತುದಿಯಲ್ಲಿ ಒಂದು ಉಗುರೋ ಮೂರೋ, ಎಲ್ಲವನ್ನೂ ಎಣಿಸಬೇಕು. ಈ ಕೂದಲುಗಳಿಗೆ ಜಾಗಕ್ಕೆ ತಕ್ಕಂತೆ ಅಕ್ಷರದ ಹೆಸರು ಕೊಟ್ಟು, ಲೆಕ್ಕಕ್ಕೆ ಒಂದು ಶಿಸ್ತು ತಂದವರು ಫ್ರಾನ್ಸಿನ ಗ್ರಾಂಜಾನ್. ಧ್ರುವೀಕರಿಸಿದ ಬೆಳಕಿನಲ್ಲಿ ಓರಿಬ್ಯಾಟಿಡ್‌ಗಳ ಕೂದಲು ಹೊಳೆಯುತ್ತವೆ, ಮೀಸೋಸ್ಟಿಗ್ಮಾಟಾ ಅನ್ನುವ ಇನ್ನೊಂದು ಗುಂಪಿನ ನುಸಿಗಳದ್ದು ಹೊಳೆಯುವುದಿಲ್ಲ ಅಂತ ತೋರಿಸಿದವರೂ ಅವರೇ. ಹೊಳೆಯುವುದು ಕೂದಲಿನ ಒಳಪದರ; ಅಂದರೆ ಒಂದು ಕೂದಲಿನ ಒಳಪದರದಿಂದ ಎರಡು ದೊಡ್ಡ ಗುಂಪುಗಳನ್ನು ಬೇರೆ ಮಾಡಬಹುದು! ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಮಾತು ಇದು.

ಈಗ ಮುಖ್ಯ ಪ್ರಶ್ನೆ. ನೋಡಲು ಬೇರೆ ಥರ ಇದ್ದರೆ ಹೊಸ ಗುಂಪು ಆಗುತ್ತಾ? ಇಲ್ಲ. ಒಂದೇ ಥರ ಇದ್ದರೆ ಒಂದೇ ಗುಂಪಾ? ಅದೂ ಇಲ್ಲ. ಕೆಲವು ಓರಿಬ್ಯಾಟಿಡ್‌ಗಳು ಮುಟ್ಟಿದರೆ ಕಾಲನ್ನೆಲ್ಲ ಒಳಗೆಳೆದು, ಮುಂಭಾಗವನ್ನು ಡಬ್ಬಿಯ ಮುಚ್ಚಳದಂತೆ ಮಡಚಿಕೊಳ್ಳುತ್ತವೆ. ಈ ಗುಣ ಬೇರೆ ಬೇರೆ ವಂಶಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಅದನ್ನೇ ನಂಬಿ ಗುಂಪು ಕಟ್ಟಿದರೆ ನೆಂಟರಲ್ಲದವರು ಒಂದೇ ಮನೆ ಸೇರುತ್ತಾರೆ. ಹಾಗಾಗಿ ಹುಡುಕಬೇಕಾದದ್ದು ಒಂದೇ ಪೂರ್ವಜನಿಂದ ಬಂದ ಹೊಸ ಗುಣ. ಒಂದೇ ಗುಣ ಸಾಲದು, ಹಲವು ಒಟ್ಟಿಗೆ ಅದೇ ಕಡೆ ಕೈತೋರಿಸಬೇಕು. ಡಿಎನ್‌ಎ ಕೂಡ ಜೊತೆಗಿದ್ದರೆ ಒಳ್ಳೆಯದು.

ಮರಿಗಳನ್ನೂ ಬಿಡಬೇಡಿ. ಆರು ಕಾಲಿನ ಲಾರ್ವಾ, ಎಂಟು ಕಾಲಿನ ಮರಿಯ (ನಿಂಫ್) ಮೂರು ಹಂತ, ಆಮೇಲೆ ಪ್ರೌಢ. ಎಷ್ಟೋ ಓರಿಬ್ಯಾಟಿಡ್‌ಗಳಲ್ಲಿ ಮರಿಗೂ ತಾಯಿಗೂ ಹೋಲಿಕೆಯೇ ಇರುವುದಿಲ್ಲ. ಪ್ರೌಢ ನುಸಿ ಮುಚ್ಚಿಟ್ಟ ನೆಂಟಸ್ತಿಕೆಯನ್ನು ಮರಿ ತೋರಿಸಿಬಿಡಬಹುದು. ಬರೀ ಪ್ರೌಢ ನುಸಿ ನೋಡಿ ಬರೆದ ವರ್ಗೀಕರಣ ನನ್ನ ಪ್ರಕಾರ ಅರ್ಧ ಕೆಲಸ.

ಹೆಸರಿಡುವ ನಿಯಮ ಚಿಕ್ಕದಾಗಿ: ಪ್ರಭೇದಕ್ಕೆ ಮಾದರಿ ನುಸಿ (ಆ ಹೆಸರಿಗೆ ಆಧಾರವಾಗಿ ಕಾಪಾಡಿಡುವ ನುಸಿ) ಬೇಕು, ಅದನ್ನು ಯಾವ ಸಂಗ್ರಹದಲ್ಲಿ ಇಡುತ್ತೀರಿ ಅಂತ ಬರೆಯಬೇಕು. 1999ರ ನಂತರದ ಹೆಸರುಗಳಿಗೆ ಇದು ಕಡ್ಡಾಯ. ಕುಲಕ್ಕೆ ಒಂದು ಮಾದರಿ ಪ್ರಭೇದ, ಕುಟುಂಬಕ್ಕೆ ಒಂದು ಮಾದರಿ ಕುಲ. ಕುಟುಂಬದ ಹೆಸರು ಆ ಕುಲದ ಹೆಸರಿನಿಂದಲೇ ಹುಟ್ಟಿ ‘ಇಡೇ’ ಅಂತ ಮುಗಿಯುತ್ತದೆ. ಹೊಸದನ್ನು ಹತ್ತಿರದ ಗುಂಪುಗಳಿಂದ ಬೇರೆ ಮಾಡುವ ಗುಣಗಳನ್ನು ಮಾತಿನಲ್ಲೇ ಹೇಳಬೇಕು, ಬರೀ ಚಿತ್ರ ಹಾಕಿದರೆ ನಡೆಯಲ್ಲ.