ಕಾರು ಓಡಿಸುವಾಗ ಪ್ಯಾನಿಕ್ ಬಂದು ಪ್ರಜ್ಞೆ ತಪ್ಪಿಬಿಟ್ಟರೆ?

ಪ್ರಶ್ನೆ: ಮೊದಲು ಆರಾಮಾಗಿ ಕಾರು ಓಡಿಸುತ್ತಿದ್ದೆ. ಕೆಲವು ತಿಂಗಳಿಂದ ದೊಡ್ಡ ರಸ್ತೆಗೆ ಬಂದರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ತಲೆ ಒಂಥರಾ ಹಗುರ ಆಗುತ್ತದೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯ್ತು, ಏನೂ ತೊಂದರೆ ಇಲ್ಲ ಅಂದರು. ಆದರೂ ಓಡಿಸುತ್ತಿರುವಾಗಲೇ ಪ್ರಜ್ಞೆ ತಪ್ಪಿ ಯಾರಿಗಾದರೂ ಗುದ್ದಿಬಿಟ್ಟರೆ ಅನ್ನುವ ಭಯ ಹೋಗುತ್ತಿಲ್ಲ. ಡ್ರೈವಿಂಗ್ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರ ವಯಸ್ಸು ಬೇರೆ, ಕೆಲಸ ಬೇರೆ, ಓಡಿಸುವ ಗಾಡಿ ಬೇರೆ. ಕೊನೆಯ ಸಾಲು ಮಾತ್ರ ಎಲ್ಲರದ್ದೂ ಒಂದೇ: ‘ಪ್ರಜ್ಞೆ ತಪ್ಪಿಬಿಟ್ಟರೆ?’ ಪ್ರತಿ ಸಲ ಉತ್ತರ ಬರೆಯುತ್ತೇನೆ, ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಬೇಸರ ಆಗುವುದು ನಿಜ. ಆದರೆ ಅದು ಕೇಳಿದವರ ಮೇಲಲ್ಲ, ಈ ತಪ್ಪು ನಂಬಿಕೆಯ ಮೇಲೆ. ಇದೊಂದನ್ನು ನಂಬಿ ಎಷ್ಟೋ ಒಳ್ಳೆಯ ಡ್ರೈವರ್‌ಗಳು ಕಾರಿನ ಕೀ ಎತ್ತಿಟ್ಟುಬಿಟ್ಟಿದ್ದಾರೆ. ಹಾಗಾಗಿ ಈ ಸಲ ಇದನ್ನೇ ಬಿಡಿಸಿ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಮನುಷ್ಯನಿಗೆ ಪ್ರಜ್ಞೆ ತಪ್ಪುವುದು ಯಾವಾಗ? ಮಿದುಳಿಗೆ ಹೋಗುವ ರಕ್ತ ಇದ್ದಕ್ಕಿದ್ದ ಹಾಗೆ ಕಮ್ಮಿಯಾದಾಗ. ಸಾಮಾನ್ಯ ಮೂರ್ಛೆಯಲ್ಲಿ ಬಿ.ಪಿ. ಕುಸಿಯುತ್ತದೆ, ನಾಡಿ ನಿಧಾನವಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. ಬಿಸಿಲಲ್ಲಿ ತುಂಬಾ ಹೊತ್ತು ಅಲ್ಲಾಡದೆ ನಿಂತವರು ಕುಸಿದು ಬೀಳುವುದು ಹೀಗೇ.

ಈಗ ಪ್ಯಾನಿಕ್ ನೋಡಿ, ಅಂದರೆ ನಿಮಗೆ ಆಗುತ್ತಿರುವ ಹಾಗೆ ಇದ್ದಕ್ಕಿದ್ದಂತೆ ಮೈಯೆಲ್ಲಾ ಆವರಿಸುವ ಭಯ. ಮಿದುಳು ‘ಅಪಾಯ’ ಅಂದುಕೊಂಡ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನ್ ರಕ್ತಕ್ಕೆ ಸೇರುತ್ತದೆ. ಹೃದಯ ಬೇಗ ಬೇಗ, ಗಟ್ಟಿಯಾಗಿ ಬಡಿಯುತ್ತದೆ. ಬಿ.ಪಿ. ಏರುತ್ತದೆ. ಕೈಕಾಲಿನ ದೊಡ್ಡ ಮಾಂಸಖಂಡಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಅಪಾಯ ಎದುರಾದಾಗ ಹೋರಾಡುವುದಕ್ಕೆ ಇಲ್ಲವೇ ಓಡುವುದಕ್ಕೆ ದೇಹ ಹೀಗೆ ತಯಾರಾಗುತ್ತದೆ ಅಂತ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಓಡಲು ತಯಾರಾದ ದೇಹ ಸಾಮಾನ್ಯವಾಗಿ ಕುಸಿದು ಬೀಳುವುದಿಲ್ಲ. ಮೂರ್ಛೆಗೆ ಬಿ.ಪಿ. ಇಳಿಯಬೇಕು, ಪ್ಯಾನಿಕ್‌ನಲ್ಲಿ ಅದು ಏರಿರುತ್ತದೆ. ಎರಡೂ ಒಂದಕ್ಕೊಂದು ಉಲ್ಟಾ. ಎದೆ ಡವಡವ ಅಂದಾಗ ‘ಇನ್ನೇನು ಬಿದ್ದೆ’ ಅಂದುಕೊಳ್ಳುತ್ತೀರಲ್ಲ, ಆ ಡವಡವವೇ ನಿಮ್ಮ ಮಿದುಳಿಗೆ ರಕ್ತ ಕಳಿಸುತ್ತಿದೆ.

ಇಷ್ಟು ಹೇಳಿದ ಮೇಲೆ ತಪ್ಪದೆ ಬರುವ ಮರುಪ್ರಶ್ನೆ: ‘ಹಾಗಾದರೆ ತಲೆ ಯಾಕೆ ತಿರುಗುತ್ತದೆ? ಅದು ಸುಳ್ಳಾ?’ ಸುಳ್ಳಲ್ಲ. ತಲೆ ಹಗುರ ಆಗುವುದು ನಿಜ. ಅದಕ್ಕೆ ಕಾರಣ ಹೃದಯ ಅಲ್ಲ, ಉಸಿರು. ಹೆದರಿದಾಗ ನಾವು ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತೇವೆ. ಓಡುತ್ತಿದ್ದರೆ ಅಷ್ಟು ಉಸಿರು ಬೇಕಾಗುತ್ತಿತ್ತು. ಆದರೆ ನೀವು ಸೀಟಿನಲ್ಲಿ ಕೂತಿದ್ದೀರಿ. ಹಾಗಾಗಿ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಗೆ ಹೋಗುತ್ತದೆ. ರಕ್ತದಲ್ಲಿ ಅದು ಕಮ್ಮಿಯಾದರೆ ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ. ತಲೆ ಹಗುರ ಆಗುವುದು, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುವುದು, ಎದುರಿನ ರಸ್ತೆ ಎಲ್ಲೋ ದೂರದಲ್ಲಿ ಇದ್ದ ಹಾಗೆ ಅನಿಸುವುದು, ಎಲ್ಲಾ ಇದರಿಂದಲೇ. ರಕ್ತದಲ್ಲಿ ಆಕ್ಸಿಜನ್ ಕಮ್ಮಿಯಾಗಿರುವುದಿಲ್ಲ. ಆ ಹೊತ್ತಿನಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 97, 98 ಅಂತಲೇ ತೋರಿಸುತ್ತದೆ, ನಿಮಗೆ ಉಸಿರು ಕಟ್ಟಿದ ಹಾಗೆ ಅನಿಸುತ್ತಿದ್ದರೂ.

ನಂಬಿಕೆ ಬರದಿದ್ದರೆ ಮನೆಯಲ್ಲಿ ಕುರ್ಚಿ ಮೇಲೆ ಕೂತು ಒಂದು ನಿಮಿಷ ಬಾಯಿ ತೆರೆದು ಜೋರಾಗಿ, ಬೇಗ ಬೇಗ ಉಸಿರಾಡಿ ನೋಡಿ. ಹೃದಯದ ಕಾಯಿಲೆ, ಆಸ್ತಮಾ, ಫಿಟ್ಸ್ ಇರುವವರು ಮತ್ತು ಗರ್ಭಿಣಿಯರು ಇದನ್ನು ಮಾಡಬೇಡಿ. ಅರ್ಧ ನಿಮಿಷ ಆಗುವಷ್ಟರಲ್ಲೇ ಹಲವರಿಗೆ ಬೆರಳು ಜುಮ್ಮೆನ್ನಲು ಶುರುವಾಗುತ್ತದೆ, ಗೋಡೆ ಮಸುಕಾಗುತ್ತದೆ, ಬಾಯಿ ಒಣಗುತ್ತದೆ. ಆಮೇಲೆ ಸುಮ್ನೆ ಕೂತಿರಿ. ಸ್ವಲ್ಪ ಹೊತ್ತಿಗೆ ಎಲ್ಲಾ ತಾನಾಗಿಯೇ ಇಳಿಯುತ್ತದೆ. ‘ಅರೆ, ಹೆದ್ದಾರಿಯಲ್ಲಿ ಆಗುವುದೂ ಇದೇ ಅಲ್ವಾ!’ ಅಂತ ಎದುರು ಕೂತವರು ಹೇಳಿದಾಗ ನನಗೆ ಆಗುವ ಸಂತೋಷ ದೊಡ್ಡದು. ಅವತ್ತಿನಿಂದ ಆ ಭಯದ ಬುಡ ಅಲ್ಲಾಡಲು ಶುರುವಾಗುತ್ತದೆ.

ಹೊರತುಗಳನ್ನೂ ಹೇಳಬೇಕು. ರಕ್ತ, ಸೂಜಿ, ಗಾಯ ಕಂಡರೆ ಹೆದರುವವರಲ್ಲಿ ಬಿ.ಪಿ. ಮೊದಲು ಏರಿ ಆಮೇಲೆ ದಬಕ್ಕನೆ ಇಳಿಯುತ್ತದೆ, ಅವರು ನಿಜವಾಗಿಯೂ ಮೂರ್ಛೆ ಹೋಗಬಹುದು. ಅದು ಬೇರೆ ಜಾತಿಯ ಭಯ, ರಸ್ತೆಯ ಭಯ ಅಲ್ಲ. ಇನ್ನು, ‘ತಪ್ಪುವ ಹಾಗೆ ಅನಿಸುತ್ತದೆ’ ಅಲ್ಲ, ಹಿಂದೆ ಯಾವಾಗಲಾದರೂ ನಿಜಕ್ಕೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಡಾಕ್ಟರ್ ನೋಡಿ ಒಪ್ಪುವವರೆಗೆ ಸ್ಟೀರಿಂಗ್ ಮುಟ್ಟಬೇಡಿ. ಹೃದಯದ ಬಡಿತದ ಏರುಪೇರು, ಥೈರಾಯ್ಡ್, ರಕ್ತಹೀನತೆ, ಶುಗರ್ ಇಳಿಯುವುದು, ಇವೂ ಪ್ಯಾನಿಕ್‌ನ ವೇಷದಲ್ಲಿ ಬರಬಹುದು. ಅದಕ್ಕೇ ಒಮ್ಮೆ ಪರೀಕ್ಷೆ ಮಾಡಿಸಿ ಅನ್ನುವುದು. ನೀವು ಮಾಡಿಸಿದ್ದೀರಿ, ಒಳ್ಳೆಯದು. ಆದರೆ ಸಮಾಧಾನಕ್ಕೆ ಅಂತ ತಿಂಗಳಿಗೊಂದು ಇಸಿಜಿ ಮಾಡಿಸುತ್ತಾ ಹೋಗಬೇಡಿ. ಆ ಸಮಾಧಾನ ಒಂದು ವಾರವೂ ನಿಲ್ಲುವುದಿಲ್ಲ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಪ್ಯಾನಿಕ್ ಅನ್ನು ಉರಿಸುವುದೇ ಈ ನಂಬಿಕೆ. ಎದೆ ಡವಗುಟ್ಟುತ್ತದೆ, ‘ಬೀಳುತ್ತೇನೆ’ ಅನಿಸುತ್ತದೆ, ಹಾಗೆ ಅನಿಸಿದ್ದಕ್ಕೆ ಎದೆ ಇನ್ನೂ ಡವಗುಟ್ಟುತ್ತದೆ. 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಬ್ರಿಟಿಷ್ ಮನೋವಿಜ್ಞಾನಿ ಪ್ಯಾನಿಕ್ ಅನ್ನು ವಿವರಿಸಿದ್ದು ಹೀಗೇ: ದೇಹದ ಮಾಮೂಲಿ ಲಕ್ಷಣವನ್ನು ಮಹಾ ಅನಾಹುತ ಅಂತ ಓದಿಕೊಳ್ಳುವುದು. ಪ್ಯಾನಿಕ್‌ಗೆ ಇವತ್ತು ಕೊಡುವ ಮಾತಿನ ಚಿಕಿತ್ಸೆಯ ದೊಡ್ಡ ಭಾಗ ನಿಂತಿರುವುದು ಈ ವಿವರಣೆಯ ಮೇಲೆ. ಇನ್ನೊಂದು ವಿಷಯ, ಪ್ಯಾನಿಕ್ ಅಟ್ಯಾಕ್ ತುದಿ ಮುಟ್ಟುವುದು ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ 10 ನಿಮಿಷದೊಳಗೆ. ಆಮೇಲೆ ಅದು ಇಳಿಯಲೇಬೇಕು, ದೇಹ ಅಷ್ಟು ಹೊತ್ತು ಆ ಮಟ್ಟದಲ್ಲಿ ಇರಲಾರದು.

ಓಡಿಸುತ್ತಿರುವಾಗಲೇ ಬಂದರೆ ಏನು ಮಾಡಬೇಕು? ಮೊದಲು ಕೈ ನೋಡಿಕೊಳ್ಳಿ. ಗೆಣ್ಣು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಸ್ಟೀರಿಂಗ್ ಹಿಡಿದಿರುತ್ತೀರಿ, ಹೆಬ್ಬೆರಳು ಒಳಗೆ ಒತ್ತಿರುತ್ತದೆ, ಭುಜ ಕಿವಿಯ ಹತ್ತಿರ ಏರಿರುತ್ತದೆ. ಕೈ ತೆಗೆಯದೆ ಹಿಡಿತ ಸಡಿಲ ಮಾಡಿ. ಭುಜ ಇಳಿಸಿ. ಆಕ್ಸಿಲರೇಟರ್ ಮೇಲಿನ ಕಾಲನ್ನು ಸ್ವಲ್ಪ ಹಗುರ ಮಾಡಿ, ಮುಂದಿನ ಗಾಡಿಗೂ ನಿಮಗೂ ಅಂತರ ಜಾಸ್ತಿ ಆಗಲಿ. ಬಾನೆಟ್ ಮೇಲೆ ನಿಂತ ಕಣ್ಣನ್ನು ದೂರದ ರಸ್ತೆಗೆ ಕಳಿಸಿ.

ಉಸಿರಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಅರ್ಧ ತಪ್ಪು. ‘ಜೋರಾಗಿ ಉಸಿರು ಎಳೆದುಕೋ’ ಅನ್ನುತ್ತಾರೆ. ಈಗಾಗಲೇ ಜಾಸ್ತಿಯಾಗಿರುವುದೇ ಉಸಿರು, ಇನ್ನೂ ಎಳೆದುಕೊಂಡರೆ ಏನಾಗಬೇಕು? ಎಳೆಯುವುದರ ಮೇಲೆ ಗಮನ ಬೇಡ, ಬಿಡುವುದರ ಮೇಲೆ ಇರಲಿ. ಮೂಗಿನಿಂದ ಮಾಮೂಲಿ ಉಸಿರು, ತುಟಿ ಸಣ್ಣದು ಮಾಡಿ ನಿಧಾನಕ್ಕೆ, ಉದ್ದಕ್ಕೆ ಬಿಡುವುದು. ಉಸಿರು ಹಿಡಿದಿಟ್ಟುಕೊಳ್ಳುವ, ಲೆಕ್ಕ ಹಾಕುವ ವ್ಯಾಯಾಮಗಳನ್ನು ಮನೆಯಲ್ಲಿ ಮಾಡಿ, ಸ್ಟೀರಿಂಗ್ ಹಿಂದೆ ಬೇಡ. ಕಾಗದದ ಚೀಲದೊಳಗೆ ಉಸಿರಾಡುವ ಹಳೇ ಉಪಾಯವನ್ನು ಎಲ್ಲೂ ಮಾಡಬೇಡಿ. ಅದು ನಿಜವಾಗಿ ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಆಗಿದ್ದರೆ ಪ್ರಾಣಕ್ಕೇ ಕುತ್ತು.

ಪಕ್ಕಕ್ಕೆ ನಿಲ್ಲಿಸಬಹುದಾ? ಧಾರಾಳವಾಗಿ. ಗಮನ ಚದುರಿದೆ ಅನಿಸಿದರೆ ನಿಲ್ಲಿಸಲೇಬೇಕು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಸುರಕ್ಷಿತ ಜಾಗ ಸಿಗುವವರೆಗೆ ನಿಧಾನಕ್ಕೆ ಹೋಗಿ ನಿಲ್ಲಿಸಿ. ವೇಗದ ರಸ್ತೆಯ ಅಂಚಿನಲ್ಲಿ ತಟ್ಟನೆ ಬ್ರೇಕ್ ಹಾಕುವುದು ಪ್ಯಾನಿಕ್‌ಗಿಂತ ಅಪಾಯ. ಆದರೆ ನಿಲ್ಲಿಸಿದ ಮೇಲೆ ಒಂದು ಮಾತು ನೆನಪಿರಲಿ. ಎದೆಯ ಡವಡವ ಇಳಿಯುವವರೆಗೆ ಅಲ್ಲೇ ಇರಿ, ಆಮೇಲೆ ಹೊರಟಿದ್ದ ದಿಕ್ಕಿಗೇ ಸ್ವಲ್ಪ ದೂರವಾದರೂ ಹೋಗಿ. ಭಯದ ತುದಿಯಲ್ಲಿ ಮನೆಗೆ ತಿರುಗಿಸಿದರೆ ಮಿದುಳು ಕಲಿಯುವ ಪಾಠ ಒಂದೇ: ‘ವಾಪಸ್ ಬಂದಿದ್ದಕ್ಕೆ ಬಚಾವಾದೆ.’ ಮುಂದಿನ ಸಲ ಅದು ಇನ್ನೂ ಬೇಗ ಕೂಗುತ್ತದೆ.

ರಸ್ತೆಗೆ ಮರಳುವುದೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ. ಸ್ವಲ್ಪವೇ ಭಯ ಹುಟ್ಟಿಸುವ ರಸ್ತೆಯಿಂದ ಶುರು ಮಾಡಿ. ಅದೇ ರಸ್ತೆಯಲ್ಲಿ ಮತ್ತೆ ಮತ್ತೆ ಓಡಿಸಿ, ಬೇಜಾರು ಬರುವವರೆಗೆ. ಬೇಜಾರು ಬಂತು ಅಂದರೆ ಗೆದ್ದಿರಿ, ಮುಂದಿನ ರಸ್ತೆ ಹಿಡಿಯಿರಿ. ತಿಂಗಳಿಗೊಮ್ಮೆ ಹೋಗುವ ಉದ್ದದ ಡ್ರೈವ್‌ಗಿಂತ ವಾರದಲ್ಲಿ ಹಲವು ಸಲ ಹೋಗುವ ಸಣ್ಣ ಡ್ರೈವ್ ಹೆಚ್ಚು ಕೆಲಸ ಮಾಡುತ್ತದೆ. ಎಡಗಡೆ ಲೇನ್ ಬಿಟ್ಟು ಹೋಗದಿರುವುದು, ನೀರಿನ ಬಾಟಲಿ ಇಲ್ಲದೆ ಹೊರಡದಿರುವುದು, ಹಾಡು ಜೋರಾಗಿ ಹಾಕಿಕೊಳ್ಳುವುದು, ಇಂಥ ಊರುಗೋಲುಗಳನ್ನು ಒಂದೊಂದಾಗಿ ಬಿಡುತ್ತಾ ಬನ್ನಿ. ಅವು ಇರುವವರೆಗೆ ‘ಬಾಟಲಿ ಇತ್ತು, ಅದಕ್ಕೆ ಏನೂ ಆಗಲಿಲ್ಲ’ ಅಂತಲೇ ಮನಸ್ಸು ಲೆಕ್ಕ ಹಾಕುತ್ತದೆ.

ಕೆಲವರಿಗೆ ಭಯಕ್ಕೆ ಮುಂಚೆಯೇ ಬೇರೇನೋ ಆಗುತ್ತದೆ. ಅಗಲವಾದ ಖಾಲಿ ಹೆದ್ದಾರಿ, ಸೇತುವೆ, ಏರಿನ ತುದಿ, ಇಂಥ ಕಡೆ ಕಾರು ಒಂದು ಪಕ್ಕಕ್ಕೆ ವಾಲಿದ ಹಾಗೆ, ಎಳೆದ ಹಾಗೆ ಅನಿಸುತ್ತದೆ. ಇದನ್ನು ಪೇಜ್ ಮತ್ತು ಗ್ರೆಸ್ಟಿ ಎಂಬ ಇಬ್ಬರು ಸಂಶೋಧಕರು 1985ರಲ್ಲೇ ದಾಖಲಿಸಿದ್ದಾರೆ. ಹತ್ತಿರದಲ್ಲಿ ಕಣ್ಣಿಗೆ ಆಸರೆ ಇಲ್ಲದಾಗ ಕಣ್ಣಿನ ಸುದ್ದಿಗೂ ಕಿವಿಯೊಳಗಿನ ಸಮತೋಲನದ ಸುದ್ದಿಗೂ ತಾಳೆ ಆಗುವುದಿಲ್ಲ. ನಿಮ್ಮ ಭಯ ಹೀಗೆ ಶುರುವಾಗುತ್ತಿದ್ದರೆ ಸಮತೋಲನದ ತೊಂದರೆ ನೋಡುವ ಡಾಕ್ಟರ್ ಹತ್ತಿರವೂ ಹೋಗಿ, ಅದಕ್ಕೆ ಬೇರೆ ವ್ಯಾಯಾಮಗಳಿವೆ.

ಮಾತ್ರೆಯ ಬಗ್ಗೆ ಚುಟುಕಾಗಿ: ಅಲ್ಪ್ರಜೋಲಮ್, ಲೋರಾಜೆಪಾಮ್, ಡಯಾಜೆಪಾಮ್ ಗುಂಪಿನ ಮಾತ್ರೆ ನುಂಗಿ ಸ್ಟೀರಿಂಗ್ ಹಿಡಿಯಬೇಡಿ. ಭಯ ಇಳಿಯುತ್ತದೆ, ಜೊತೆಗೆ ಎಚ್ಚರವೂ ಇಳಿಯುತ್ತದೆ. ದಿನಾ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ತಟ್ಟನೆ ನಿಲ್ಲಿಸಲೂ ಬೇಡಿ, ಬರೆದುಕೊಟ್ಟ ಡಾಕ್ಟರ್ ಹತ್ತಿರ ಮಾತಾಡಿ. ಪ್ಯಾನಿಕ್‌ಗೆ ಚೆನ್ನಾಗಿ ಕೆಲಸ ಮಾಡುವ ಬೇರೆ ಔಷಧಿಗಳಿವೆ, ಔಷಧಿ ಇಲ್ಲದ ಚಿಕಿತ್ಸೆಯೂ ಇದೆ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. ನನಗಂತೂ ಯಾರಾದರೂ ಕೇಳಲಿ ಅಂತ ತುಂಬಾ ಆಸೆ. ಪಕ್ಕದ ಸೀಟಿನಲ್ಲಿ ಕೂತವರು ಏನು ಮಾಡಬೇಕು? ಹೆದರಿದವರಿಗೆ ನೂರು ಸಲಹೆ ಕೊಡುತ್ತೇವೆ, ಜೊತೆಗಿರುವವರಿಗೆ ಒಂದೂ ಇಲ್ಲ. ಅವರೋ ಪ್ರೀತಿಯಿಂದಲೇ ಕೆಲಸ ಕೆಡಿಸುತ್ತಾರೆ. ಪ್ರತಿ ನಿಮಿಷಕ್ಕೂ ‘ಹುಷಾರಾಗಿದ್ದೀಯಾ?’ ಅಂತ ಕೇಳುತ್ತಾರೆ. ಲಾರಿ ಪಕ್ಕಕ್ಕೆ ಬಂದರೆ ಹಿಡಿಕೆಗೆ ಕೈ ಹಾಕುತ್ತಾರೆ. ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಾರೆ. ಓಡಿಸುವವರ ಕಣ್ಣಂಚಿಗೆ ಇದೆಲ್ಲಾ ಕಾಣುತ್ತದೆ.

ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಟ್ಯಾಕ್ ಬಂದರೆ ಮಾತು ಬೇಕಾ, ಮೌನ ಬೇಕಾ? ಯಾವ ಜಾಗದಲ್ಲಿ ನಿಲ್ಲಿಸಬಹುದು? ಬಂದಾಗ ‘ಏನೂ ಆಗಿಲ್ಲ, ಸುಮ್ನಿರು’ ಅನ್ನಬೇಡಿ. ಅವರಿಗೆ ಏನೋ ಆಗುತ್ತಿದೆ. ‘ಪ್ಯಾನಿಕ್ ಬಂದಿದೆ, ಇಳಿಯುತ್ತೆ. ನಿಧಾನಕ್ಕೆ ಹೋಗು, ಅವಸರ ಇಲ್ಲ’ ಅಂದರೆ ಸಾಕು, ಅದೂ ಮಾಮೂಲಿ ದನಿಯಲ್ಲಿ. ನಿಲ್ಲಿಸಿದಾಗ ‘ಕೊಡು, ನಾನೇ ಓಡಿಸ್ತೀನಿ’ ಅಂತ ತಕ್ಷಣ ಸೀಟು ಬದಲಾಯಿಸಬೇಡಿ. ಅವರ ಪ್ಯಾನಿಕ್ ಇಳಿಯಲಿ, ಮತ್ತೆ ಓಡಿಸಬಲ್ಲರಾ ಅಂತ ಅವರೇ ಹೇಳಲಿ. ಆಗಲ್ಲ ಅಂದರೆ ಮಾತ್ರ ನೀವು ಕೂರಿ, ಮುಖ ಸಣ್ಣ ಮಾಡದೆ.

ಜೊತೆಗಾರರೂ ಕೊನೆಗೆ ಒಂದು ಊರುಗೋಲೇ. ಅದಕ್ಕೇ ಅವರು ಮೆಲ್ಲಗೆ ಹಿಂದೆ ಸರಿಯಬೇಕು. ಮೊದಲು ಪಕ್ಕದ ಸೀಟಿನಿಂದ ಹಿಂದಿನ ಸೀಟಿಗೆ. ಆಮೇಲೆ ಬೇರೆ ಗಾಡಿಯಲ್ಲಿ ಹಿಂದೆ. ಆಮೇಲೆ ತಲುಪುವ ಜಾಗದಲ್ಲಿ ಕಾಯುತ್ತಾ. ಫೋನ್ ಹಿಡಿದು ದಾರಿಯುದ್ದಕ್ಕೂ ಮಾತಾಡುವುದು ಈ ಸಾಲಿನಲ್ಲಿ ಇಲ್ಲವೇ ಇಲ್ಲ, ಸ್ಪೀಕರ್‌ನಲ್ಲಿ ಕೂಡ ಬೇಡ. ತಲುಪಿದ ಮೇಲೆ ಅವರೇ ಫೋನ್ ಮಾಡಲಿ. ಅಲ್ಲಿಯವರೆಗೆ ನೀವು ಮಾಡಬೇಡಿ.