ಎಕ್ಸ್‌ಪಿ ಏಳದಿದ್ದರೆ, ಮೊದಲು ಎಲ್ಲಿ ನಿಂತಿದೆ ನೋಡಿ

ಕಲಬುರಗಿಯಲ್ಲಿ ಹಾರ್ಡ್‌ವೇರ್ ಕೆಲಸ ಕಲಿಯುವವರನ್ನು ವಿಂಡೋಸ್ ಎಕ್ಸ್‌ಪಿ ಇನ್ನೂ ಬಿಟ್ಟಿಲ್ಲ. 2001ರ ಅಕ್ಟೋಬರ್‌ನಲ್ಲಿ ಬಂದ ಆಪರೇಟಿಂಗ್ ಸಿಸ್ಟಂ ಇದು. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಇದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಆದರೂ ಗಂಜ್ ಕಡೆ ದಾಲ್ ಮಿಲ್ಲಿನ ಕಾಟಾ (ತೂಕದ ಯಂತ್ರ) ರೂಮಿನಲ್ಲೋ, ಹಳೆಯ ಡಿಟಿಪಿ ಅಂಗಡಿಯಲ್ಲೋ ಒಂದು ಎಕ್ಸ್‌ಪಿ ಡಬ್ಬ ಕಾಣಿಸುತ್ತದೆ. ಜಿಪುಣತನ ಒಂದೇ ಕಾರಣ ಅಲ್ಲ. ಲಾರಿ ತೂಕವನ್ನು ಸೀರಿಯಲ್ ಪೋರ್ಟಿನಿಂದ ಓದುವ ಹಳೆಯ ಪ್ರೋಗ್ರಾಂ ಹೊಸ ವಿಂಡೋಸ್‌ನಲ್ಲಿ ತಕರಾರು ಮಾಡುತ್ತದೆ. ಡಿಟಿಪಿಯವರ ಬಳಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪೇಜ್‌ಮೇಕರ್ ಫೈಲುಗಳ ರಾಶಿಯೇ ಇರುತ್ತದೆ.

ಗಿರಾಕಿ ಬಂದರೆ ಹೇಳುವುದು ಹೀಗೆ: "ಕರೆಂಟ್ ಹೋಗಿ ಬಂತ್ರೀ, ಆಮ್ಯಾಲ ಏನೂ ಬರವಲ್ದು. ಫಾರ್ಮ್ಯಾಟ್ ಹೊಡದ್ಬಿಡ್ರಿ." ಮೊದಲ ಎರಡು ಮಾತನ್ನು ಬರೆದುಕೊಳ್ಳಿ, ಮೂರನೆಯದನ್ನು ಬಿಡಿ. ಬೂಟ್ ತೊಂದರೆಗಳಲ್ಲಿ, ಅಂದರೆ ಮಷಿನ್ ಏಳದಿದ್ದಾಗ, ಫಾರ್ಮ್ಯಾಟ್ (ಡಿಸ್ಕ್ ಅಳಿಸುವುದು) ನಿಜವಾಗಿ ಬೇಕಾಗುವುದು ಕಡಿಮೆ. ಎಲ್ಲಿ ನಿಂತಿದೆ ಅಂತ ಗೊತ್ತಾಗುವ ತನಕ ಡಿಸ್ಕಿನ ಮೇಲೆ ಏನೂ ಬರೆಯಬಾರದು. ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ.

ಏಳುವ ಕ್ರಮ

ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ. ಪವರ್ ಒತ್ತಿದಾಗ ಬಯೋಸ್ (ಮದರ್‌ಬೋರ್ಡಿನಲ್ಲೇ ಇರುವ ಪುಟ್ಟ ಪ್ರೋಗ್ರಾಂ) ಮೊದಲು ರ‍್ಯಾಮ್, ಡಿಸ್‌ಪ್ಲೇ, ಕೀಬೋರ್ಡ್ ನೋಡುತ್ತದೆ. ಆಮೇಲೆ ಡಿಸ್ಕಿನ ಮೊದಲ ಸೆಕ್ಟರ್ ಓದುತ್ತದೆ. ಅದೇ ಮಾಸ್ಟರ್ ಬೂಟ್ ರೆಕಾರ್ಡ್, ಅಂದರೆ ಎಂಬಿಆರ್. ಒಟ್ಟು 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡಿಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ (ಡಿಸ್ಕಿನ ಭಾಗಗಳ) ವಿವರಕ್ಕೆ, ಕೊನೆಯ 2 ಬೈಟ್ ಗುರುತಿಗೆ. ಎಂಬಿಆರ್ ಕೋಡ್ ಆ ಪಟ್ಟಿಯಲ್ಲಿ 'ಆ್ಯಕ್ಟಿವ್' ಅಂತ ಗುರುತು ಹಾಕಿದ ಪಾರ್ಟಿಷನ್ ಹುಡುಕಿ, ಅದರ ಬೂಟ್ ಸೆಕ್ಟರಿಗೆ ಕೆಲಸ ಕೊಡುತ್ತದೆ. ಬೂಟ್ ಸೆಕ್ಟರ್ ಎನ್‌ಟಿಎಲ್‌ಡಿಆರ್ ಎಂಬ ಫೈಲನ್ನು ಎಬ್ಬಿಸುತ್ತದೆ. ಅದು ಬೂಟ್ ಡಾಟ್ ಐಎನ್ಐ ಓದಿ ವಿಂಡೋಸ್ ಎಲ್ಲಿದೆ ಅಂತ ತಿಳಿದುಕೊಳ್ಳುತ್ತದೆ. ಎನ್‌ಟಿಡಿಟೆಕ್ಟ್ ಹಾರ್ಡ್‌ವೇರ್ ಪಟ್ಟಿ ಮಾಡುತ್ತದೆ. ನಂತರ ಕರ್ನಲ್ (ವಿಂಡೋಸಿನ ತಿರುಳು), ಅದಕ್ಕೂ ಹಾರ್ಡ್‌ವೇರಿಗೂ ನಡುವಿನ ಹೆಚ್ಎಎಲ್ ಫೈಲ್, ರಿಜಿಸ್ಟ್ರಿಯ (ಸೆಟ್ಟಿಂಗುಗಳ ಕಣಜ) ಸಿಸ್ಟಂ ಭಾಗ, ಬೂಟ್ ಡ್ರೈವರ್‌ಗಳು (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಂಗಳು) ಮೆಮೊರಿಗೆ ಬರುತ್ತವೆ. ಇಷ್ಟಾದ ಮೇಲೆ ವಿಂಡೋಸ್ ಲೋಗೊ, ಕೊನೆಗೆ ಲಾಗಿನ್.

ಸ್ಕ್ರೀನ್ ಪೂರ್ತಿ ಕಪ್ಪು, ಬೀಪ್ ಮೇಲೆ ಬೀಪ್? ವಿಂಡೋಸಿನ ಸುದ್ದಿಗೇ ಹೋಗಬೇಡಿ, ಆಟ ಇನ್ನೂ ಬಯೋಸ್‌ನಲ್ಲೇ ಇದೆ. ರ‍್ಯಾಮ್ ತೆಗೆದು, ಅದರ ಕಾಂಟ್ಯಾಕ್ಟ್‌ಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ ನೋಡಿ. ಬೇಳೆ ಮಿಲ್ಲಿನ ಧೂಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಅಂತಲೂ ನೋಡಿಕೊಳ್ಳಿ.

ಕಪ್ಪು ಸ್ಕ್ರೀನಿನ ಸಾಲುಗಳು

'ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್' ಅಂತ ಬಂದರೆ ಮೊದಲು ಫ್ಲಾಪಿ ಡ್ರೈವಿಗೂ ಯುಎಸ್‌ಬಿ ಪೋರ್ಟಿಗೂ ಕೈ ಹಾಕಿ. ಎಕ್ಸ್‌ಪಿಯಲ್ಲಿ ಫಾರ್ಮ್ಯಾಟ್ ಮಾಡಿದ ಫ್ಲಾಪಿ ಒಳಗೆ ಉಳಿದಿದ್ದರೂ ಇದೇ ಸಾಲು ಬರುತ್ತದೆ. ಏಕೆಂದರೆ ಅದರ ಬೂಟ್ ಸೆಕ್ಟರ್ ಕೂಡ ಅದೇ ಫೈಲನ್ನು ಹುಡುಕುತ್ತದೆ. ಎರಡೂ ಖಾಲಿ ಇದ್ದರೆ ಬಯೋಸ್‌ನಲ್ಲಿ ಬೂಟ್ ಕ್ರಮ ನೋಡಿ. ಅದೂ ಸರಿ ಇದ್ದರೆ ಮಾತ್ರ ಫೈಲ್ ಹೋಗಿದೆ ಅನ್ನಬಹುದು. ಎಕ್ಸ್‌ಪಿ ಸಿಡಿ ಹಾಕಿ ರಿಕವರಿ ಕನ್ಸೋಲ್ (ಆಜ್ಞೆ ಟೈಪ್ ಮಾಡಿ ರಿಪೇರಿ ಮಾಡುವ ಕಪ್ಪು ಸ್ಕ್ರೀನ್) ತೆರೆದು, ಸಿಡಿಯ ಐ386 ಫೋಲ್ಡರಿನಿಂದ ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್ ಡಾಟ್ ಕಾಮ್ ಎರಡನ್ನೂ ಸಿ ಡ್ರೈವಿಗೆ ಕಾಪಿ ಮಾಡಿ. ಸಿಡಿ ಡ್ರೈವಿನ ಅಕ್ಷರ ಡಿ ಅಂತಲೇ ತಿಳಿಯಬೇಡಿ. 'ಮ್ಯಾಪ್' ಅಂತ ಟೈಪ್ ಮಾಡಿದರೆ ಯಾವ ಅಕ್ಷರ ಅಂತ ತೋರಿಸುತ್ತದೆ.

ಹೆಚ್ಎಎಲ್ ಡಾಟ್ ಡಿಎಲ್ಎಲ್ ಇಲ್ಲ ಅನ್ನುವ ಸಾಲು ಕಲಿಯುವವರನ್ನು ಜಾಸ್ತಿ ದಾರಿ ತಪ್ಪಿಸುತ್ತದೆ. ಬಹಳ ಸಲ ಆ ಫೈಲ್ ತನ್ನ ಜಾಗದಲ್ಲಿ ಆರಾಮಾಗಿ ಇರುತ್ತದೆ. ತಪ್ಪಿರುವುದು ಬೂಟ್ ಡಾಟ್ ಐಎನ್ಐನ ವಿಳಾಸ. ಆ ವಿಳಾಸದಲ್ಲಿ ಆರ್‌ಡಿಸ್ಕ್ ಅನ್ನುವುದು ಡಿಸ್ಕಿನ ನಂಬರ್, ಎಣಿಕೆ ಸೊನ್ನೆಯಿಂದ. ಪಾರ್ಟಿಷನ್ ನಂಬರ್ ಮಾತ್ರ ಒಂದರಿಂದ. ಯಾರೋ ಎರಡನೇ ಹಾರ್ಡ್ ಡಿಸ್ಕ್ ಸೇರಿಸಿದರು, ಇಲ್ಲವೇ ಕೇಬಲ್ ಅದಲುಬದಲು ಮಾಡಿದರು ಅಂದುಕೊಳ್ಳಿ. ಡಿಸ್ಕಿನ ನಂಬರ್ ಬದಲಾಗುತ್ತದೆ. ಎನ್‌ಟಿಎಲ್‌ಡಿಆರ್ ಹಳೆಯ ವಿಳಾಸಕ್ಕೇ ಹೋಗುತ್ತದೆ, ಅಲ್ಲಿ ವಿಂಡೋಸ್ ಫೋಲ್ಡರ್ ಸಿಗುವುದಿಲ್ಲ, ಫೈಲ್ ಇಲ್ಲ ಅಂತ ದೂರು ಕೊಡುತ್ತದೆ. ಹಾಗಾಗಿ ಈ ಸಾಲು ಕಂಡಾಗ ಗಿರಾಕಿಯನ್ನು ಕೇಳಿ: "ಇತ್ತೀಚೆಗೆ ಒಳಗ ಯಾರರ ಕೈ ಹಾಕಿದ್ರೇನ್ರೀ?" ಕೇಬಲ್ ಮೊದಲಿನಂತೆ ಹಾಕಿದರೆ ಅಲ್ಲಿಗೇ ಮುಗಿಯಬಹುದು. ಇಲ್ಲದಿದ್ದರೆ ರಿಕವರಿ ಕನ್ಸೋಲಿನಲ್ಲಿ 'ಬೂಟ್‌ಸಿಎಫ್‌ಜಿ ಸ್ಲ್ಯಾಷ್ ರೀಬಿಲ್ಡ್' ಆಜ್ಞೆ ಕೊಡಿ. ಅದು ವಿಂಡೋಸನ್ನು ತಾನೇ ಹುಡುಕುತ್ತದೆ. ಲೋಡ್ ಆಪ್ಷನ್ ಕೇಳಿದಾಗ 'ಸ್ಲ್ಯಾಷ್ ಫಾಸ್ಟ್‌ಡಿಟೆಕ್ಟ್' ಕೊಡಿ.

ಎಂಬಿಆರ್ ಕೆಟ್ಟಿದೆ ಅನಿಸಿದರೆ ಫಿಕ್ಸ್‌ಎಂಬಿಆರ್, ಪಾರ್ಟಿಷನ್ನಿನ ಬೂಟ್ ಸೆಕ್ಟರ್ ಕೆಟ್ಟಿದ್ದರೆ ಫಿಕ್ಸ್‌ಬೂಟ್. ಇವೆರಡನ್ನೂ ಮಂತ್ರದ ಹಾಗೆ ಒಟ್ಟಿಗೆ ಹೊಡೆಯುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಸರಿ ಕಾಣುವುದಿಲ್ಲ. ಅದೇ ಡಿಸ್ಕಿನಲ್ಲಿ ಲಿನಕ್ಸ್ (ಇನ್ನೊಂದು ಆಪರೇಟಿಂಗ್ ಸಿಸ್ಟಂ) ಜೊತೆಗಿದ್ದರೆ ಫಿಕ್ಸ್‌ಎಂಬಿಆರ್ ಅದರ ಬೂಟ್ ಲೋಡರನ್ನು ಅಳಿಸಿಬಿಡುತ್ತದೆ. 'ಎಂಬಿಆರ್ ಮಾಮೂಲಿನಂತೆ ಇಲ್ಲ' ಅಂತ ಎಚ್ಚರಿಕೆ ಕೊಟ್ಟರೆ ವೈ ಒತ್ತುವ ಮೊದಲು ಕೈ ತಡೆಯಿರಿ, ಡೇಟಾ ತೆಗೆದಿಟ್ಟುಕೊಂಡು ಮುಂದುವರಿಯಿರಿ.

ಸೇಫ್ ಮೋಡಿನಲ್ಲಿ (ಬೇಕಾದಷ್ಟೇ ಡ್ರೈವರ್‌ಗಳೊಂದಿಗೆ ಏಳಿಸುವ ವಿಧಾನ) ಡ್ರೈವರ್ ಹೆಸರುಗಳು ಸಾಲಾಗಿ ಇಳಿದು, 'ಎಂಯುಪಿ ಡಾಟ್ ಸಿಸ್' ಹತ್ತಿರ ನಿಂತುಬಿಡುವುದನ್ನು ನೋಡಿರುತ್ತೀರಿ. ಆ ಫೈಲ್ ಮೇಲೆ ತಪ್ಪು ಹೊರಿಸಬೇಡಿ. ಅದು ಲೋಡ್ ಆಗಿದೆ, ಅದಕ್ಕೇ ಹೆಸರು ಬಂದಿದೆ. ನಿಂತಿರುವುದು ಅದರ ನಂತರದ ಹೆಜ್ಜೆ. ಹೊಸದಾಗಿ ಹಾಕಿದ ಕಾರ್ಡ್, ಯುಎಸ್‌ಬಿ ಸಾಮಾನು ಎಲ್ಲ ಬಿಚ್ಚಿ ಮತ್ತೆ ಏಳಿಸಿ ನೋಡಿ.

ನೀಲಿ ಸ್ಕ್ರೀನ್ ಮತ್ತು 7ಬಿ

ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಸ್ಕ್ರೀನ್ ಮಿಂಚಿ ಮಾಯವಾದರೆ, ಮತ್ತೆ ಆನ್ ಮಾಡಿ ಲೋಗೊ ಬರುವ ಮೊದಲೇ ಎಫ್8 ಒತ್ತಿ, 'ತಾನಾಗಿ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸು' ಅನ್ನುವ ಆಯ್ಕೆ ಆರಿಸಿ. ಸರ್ವಿಸ್ ಪ್ಯಾಕ್ 2 (ಅಪ್‌ಡೇಟುಗಳ ದೊಡ್ಡ ಕಟ್ಟು) ಇದ್ದ ಎಕ್ಸ್‌ಪಿಯಲ್ಲಿ ಇದು ಇರುತ್ತದೆ. ಆಗ ಕೋಡ್ ಓದಲು ಪುರುಸೊತ್ತು ಸಿಗುತ್ತದೆ.

ನಮ್ಮ ಕಡೆ ಮುಖ್ಯವಾಗಿ ಕಲಿಯಬೇಕಾದ ಕೋಡ್ 7ಬಿ (ಸ್ಕ್ರೀನಿನಲ್ಲಿ 0x0000007B). ಕರ್ನಲ್ ಎದ್ದಿದೆ, ಆದರೆ ತಾನು ಯಾವ ಡಿಸ್ಕಿನಿಂದ ಎದ್ದಿತೋ ಆ ಡಿಸ್ಕೇ ಅದಕ್ಕೆ ಕಾಣುತ್ತಿಲ್ಲ ಅಂತ ಇದರ ಅರ್ಥ. ವಿಚಿತ್ರ ಅಲ್ವಾ? ಕಾರಣ ಇಷ್ಟೇ. ಮೊದಲ ಹಂತಗಳಲ್ಲಿ ಡಿಸ್ಕ್ ಓದಿಕೊಟ್ಟಿದ್ದು ಬಯೋಸ್. ಕರ್ನಲ್ ಬಂದ ಮೇಲೆ ಅದು ತನ್ನದೇ ಡ್ರೈವರ್ ಬಳಸಬೇಕು. ಸಾಟಾ ಡಿಸ್ಕಿನೊಂದಿಗೆ ಮಾತಾಡುವ ಹೊಸ ವಿಧಾನ ಎಎಚ್‌ಸಿಐ, ಹಳೆಯದು ಐಡಿಇ. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ. ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಅಂತ ಇದ್ದರೆ ಎಕ್ಸ್‌ಪಿ ಕುರುಡಾಗುತ್ತದೆ. ಐಡಿಇ ಅಥವಾ ಕಂಪ್ಯಾಟಿಬಲ್ ಅಂತ ಬದಲಿಸಿದರೆ ಕಣ್ಣು ಬರುತ್ತದೆ.

"ನಿನ್ನೆ ತನಕ ಛಲೋ ನಡದಿತ್ರೀ, ಯಾರೂ ಬಯೋಸ್ ಮುಟ್ಟಿಲ್ಲ" ಅಂತ ಗಿರಾಕಿ ಹೇಳಿದರೆ ಅದೂ ನಿಜವೇ ಇರಬಹುದು. ಬಯೋಸ್ ಸೆಟ್ಟಿಂಗನ್ನೂ ಗಡಿಯಾರವನ್ನೂ ಉಳಿಸುವ ಸಿಮೋಸ್ ಬ್ಯಾಟರಿ ನೋಡಿ. ರುಪಾಯಿ ಬಿಲ್ಲೆಯಂಥ ಆ ಸಿಆರ್2032, 3 ವೋಲ್ಟಿನದು. ಪ್ಲಗ್ ಪಾಯಿಂಟಿನಲ್ಲಿ ಕರೆಂಟ್ ಇರುವ ತನಕ ಬೋರ್ಡಿಗೆ ಸ್ಟ್ಯಾಂಡ್‌ಬೈ ಪವರ್ ಬರುತ್ತಿರುತ್ತದೆ, ಬ್ಯಾಟರಿ ಸವೆಯುವುದು ಕಡಿಮೆ. ಆದರೆ ಅಂಗಡಿ ಮುಚ್ಚುವಾಗ ಮೇನ್ ಆಫ್ ಮಾಡಿ ಹೋಗುವುದು ಎಲ್ಲ ಕಡೆ ರೂಢಿ. ರಾತ್ರಿಯೆಲ್ಲ ಬ್ಯಾಟರಿಯ ಮೇಲೇ ಭಾರ. ಅದು ಸತ್ತ ದಿನ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಆ ಬೋರ್ಡಿನ ಮೂಲ ಸೆಟ್ಟಿಂಗ್ ಎಎಚ್‌ಸಿಐ ಆಗಿದ್ದರೆ 7ಬಿ ಬಂದೇ ಬಂತು. ಗಡಿಯಾರ ಹಳೆಯ ಇಸವಿಗೆ ಹೋಗಿದ್ದರೆ, 'ಸಿಮೋಸ್ ಚೆಕ್‌ಸಮ್' ಅಂತ ಸಾಲು ಬಂದರೆ, ಅನುಮಾನ ಗಟ್ಟಿ. ಬ್ಯಾಟರಿ ಬದಲಿಸಿ, ಮೋಡ್ ಐಡಿಇಗೆ ತನ್ನಿ, ತಾರೀಖು ಸರಿ ಮಾಡಿ. ಹೀಗಿದ್ದ ಮಷಿನ್ನಿಗೆ ಫಾರ್ಮ್ಯಾಟ್ ಹೊಡೆಯಲು ಹೋದರೆ ಸೆಟಪ್ ಕೂಡ 'ಹಾರ್ಡ್ ಡಿಸ್ಕೇ ಇಲ್ಲ' ಅನ್ನುತ್ತದೆ. ಸರಿ ಇರುವ ಡಿಸ್ಕ್ ಕಸಕ್ಕೆ ಹೋಗುವುದು ಹೀಗೆ.

ನೀಲಿ ಸ್ಕ್ರೀನಿನಲ್ಲಿ ಕೋಡ್ 'ED' ಅಥವಾ '24' ಬಂದರೆ ಫೈಲ್ ಸಿಸ್ಟಂ ಪೆಟ್ಟು ತಿಂದಿದೆ. ಕರೆಂಟ್ ಹೋಗಿ ಬಂದ ಕೇಸುಗಳಲ್ಲಿ ಇದು ಸಹಜ. ರಿಕವರಿ ಕನ್ಸೋಲಿನಲ್ಲಿ ಚೆಕ್‌ಡಿಸ್ಕ್ (chkdsk) ಆಜ್ಞೆಯನ್ನು ಸ್ಲ್ಯಾಷ್ ಆರ್ ಜೊತೆ ಕೊಟ್ಟು ತಾಳ್ಮೆಯಿಂದ ಕೂಡಬೇಕು. ಡಿಸ್ಕ್ ಟಕ್ ಟಕ್ ಅಂತಿದ್ದರೆ ಮಾತ್ರ ಇದನ್ನು ಮಾಡಲೇಬೇಡಿ. ಸಾಯುತ್ತಿರುವ ಡಿಸ್ಕಿಗೆ ಈ ಕೆಲಸ ಭಾರ. ಮೊದಲು ಲಿನಕ್ಸ್ ಲೈವ್ ಸಿಡಿಯಲ್ಲಿ (ಇನ್‌ಸ್ಟಾಲ್ ಮಾಡದೆ ಸಿಡಿಯಿಂದಲೇ ಓಡುವ ಲಿನಕ್ಸ್) ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ ಬೇರೆ ಡಿಸ್ಕಿಗೆ ಪ್ರತಿ ತೆಗೆಯಿರಿ.

ರಿಜಿಸ್ಟ್ರಿಯ ಸಿಸ್ಟಂ ಫೈಲ್ ಕೆಟ್ಟಿದೆ ಅಂದರೆ ಎಫ್8 ಒತ್ತಿ 'ಲಾಸ್ಟ್ ನೋನ್ ಗುಡ್' ಮೊದಲು ನೋಡಿ. ಆಗದಿದ್ದರೆ ವಿಂಡೋಸ್ ಫೋಲ್ಡರಿನ ರಿಪೇರ್ ಜಾಗದಲ್ಲಿ ಒಂದು ಪ್ರತಿ ಇರುತ್ತದೆ. ಆದರೆ ಅದು ಸಾಮಾನ್ಯವಾಗಿ ಇನ್‌ಸ್ಟಾಲ್ ಮಾಡಿದ ದಿನದ್ದು. ಆಮೇಲೆ ಹಾಕಿದ ಡ್ರೈವರುಗಳ ನೆನಪು ಅದಕ್ಕಿಲ್ಲ. ಸಿಸ್ಟಂ ರಿಸ್ಟೋರ್ ಆನ್ ಇದ್ದರೆ 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್' ಫೋಲ್ಡರಿನಲ್ಲಿ ಹೊಸ ಪ್ರತಿಗಳಿರುತ್ತವೆ. ಲೈವ್ ಸಿಡಿಯಿಂದ ಅವನ್ನು ತೆಗೆದು ಹಾಕುವುದು ಮೇಲು. ಕೆಟ್ಟ ಫೈಲನ್ನು ಅಳಿಸದೆ ಹೆಸರು ಬದಲಿಸಿ ಇಟ್ಟುಕೊಳ್ಳಿ.

ಎರಡು ಆರ್

ಎಕ್ಸ್‌ಪಿ ಸೆಟಪ್‌ನಲ್ಲಿ ಆರ್ ಕೀಲಿ ಎರಡು ಜಾಗದಲ್ಲಿ ಬರುತ್ತದೆ, ಎರಡರ ಕೆಲಸವೂ ಬೇರೆ. ಮೊದಲ ಸ್ವಾಗತದ ಸ್ಕ್ರೀನಿನಲ್ಲಿ ಆರ್ ಒತ್ತಿದರೆ ರಿಕವರಿ ಕನ್ಸೋಲ್. ಅದೇ ಸ್ಕ್ರೀನಿನಲ್ಲಿ ಆರ್ ಬದಲು ಎಂಟರ್ ಒತ್ತಿ, ಎಫ್8 ಕೊಟ್ಟು ಕರಾರು ಒಪ್ಪಿಕೊಂಡರೆ ಈಗಾಗಲೇ ಇರುವ ವಿಂಡೋಸಿನ ಪಟ್ಟಿ ಬರುತ್ತದೆ. ಅಲ್ಲಿ ಆರ್ ಒತ್ತಿದರೆ ರಿಪೇರ್ ಇನ್‌ಸ್ಟಾಲ್. ವಿಂಡೋಸ್ ಫೈಲುಗಳು ಹೊಸದಾಗುತ್ತವೆ, ಪ್ರೋಗ್ರಾಂಗಳು, ಡಾಕ್ಯುಮೆಂಟುಗಳು ಉಳಿಯುತ್ತವೆ. ಅಪ್‌ಡೇಟುಗಳನ್ನು ಮಾತ್ರ ಮತ್ತೆ ಹಾಕಬೇಕು. ಕಾಟಾ ಪ್ರೋಗ್ರಾಮಿನ ಸಿಡಿ ಕಳೆದುಹೋಗಿರುವ ಮಿಲ್ಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಪಟ್ಟಿಯಲ್ಲಿ ಹಳೆಯ ವಿಂಡೋಸ್ ಕಾಣದಿದ್ದರೆ ಅಲ್ಲೇ ನಿಲ್ಲಿಸಿ. ಮುಂದೆ ಹೋದರೆ ಅದು ಹೊಸ ಇನ್‌ಸ್ಟಾಲ್.

ಹೊಸದಾಗಿ ಹಾಕುವಾಗ

'ಸಿಡಿಯಿಂದ ಬೂಟ್ ಮಾಡಲು ಯಾವುದಾದರೂ ಕೀ ಒತ್ತಿ' ಅನ್ನುವುದು ಮೊದಲ ಸಲಕ್ಕೆ ಮಾತ್ರ. ಫೈಲ್ ಕಾಪಿ ಆಗಿ ರೀಸ್ಟಾರ್ಟ್ ಆದಾಗ ಮತ್ತೆ ಅದೇ ಸಾಲು ಬರುತ್ತದೆ. ಆಗ ಸುಮ್ನೆ ಕೂತಿರಿ. ಒತ್ತಿದರೆ ಸೆಟಪ್ ಮೊದಲಿನಿಂದ ಶುರುವಾಗುತ್ತದೆ. ಕೀ ಒತ್ತಿದರೂ ಕೆಲಸ ಮಾಡದಿದ್ದರೆ ಅದು ಯುಎಸ್‌ಬಿ ಕೀಬೋರ್ಡ್ ಇರಬೇಕು. ಬಯೋಸ್‌ನಲ್ಲಿ ಯುಎಸ್‌ಬಿ ಲೆಗಸಿ ಆನ್ ಮಾಡಿ, ಇಲ್ಲವೇ ಹಳೆಯ ದುಂಡು ಪಿನ್ನಿನ ಪಿಎಸ್2 ಕೀಬೋರ್ಡ್ ಹಚ್ಚಿ.

ಫೈಲ್ ಕಾಪಿ ಆಗುತ್ತಿಲ್ಲ ಅಂತ ಒಮ್ಮೆ ಒಂದು ಫೈಲು, ಇನ್ನೊಮ್ಮೆ ಇನ್ನೊಂದು ಫೈಲಿನ ಹೆಸರು ಹೇಳಿದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಮೆಮ್‌ಟೆಸ್ಟ್ ಓಡಿಸಿ, ಅಥವಾ ಒಂದೊಂದೇ ರ‍್ಯಾಮ್ ಇಟ್ಟು ನೋಡಿ. ಪ್ರತಿ ಸಲ ಅದೇ ಫೈಲ್ ಆದರೆ ಸಿಡಿ ಗೀರಿದೆ, ಅಥವಾ ಸಿಡಿ ಡ್ರೈವಿನ ಲೆನ್ಸ್ ಮಸುಕಾಗಿದೆ. ಇನ್‌ಸ್ಟಾಲ್ ನಡುವೆ ಮಷಿನ್ ಧಡಕ್ಕನೆ ಆಫ್ ಆದರೆ ಪ್ರೊಸೆಸರ್ ಫ್ಯಾನ್ ನೋಡಿ. ಮೇ ತಿಂಗಳಲ್ಲಿ ಇಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಜಾಸ್ತಿ. ಡಿವೈಸ್ ಹುಡುಕುವ ಹಂತದಲ್ಲಿ ನಿಂತರೆ ಪ್ರಿಂಟರ್, ಹೆಚ್ಚುವರಿ ಕಾರ್ಡ್ ಎಲ್ಲ ತೆಗೆದು ಮತ್ತೆ ಶುರು ಮಾಡಿ.

ದೊಡ್ಡ ಡಿಸ್ಕ್ ಇದ್ದು, ಸೆಟಪ್‌ಗೆ ಸುಮಾರು 137 ಜಿಬಿ ಮಾತ್ರ (ಅದು ತೋರಿಸುವ ಲೆಕ್ಕದಲ್ಲಿ ಸುಮಾರು 1,31,000 ಎಂಬಿ) ಕಂಡರೆ ಡಿಸ್ಕ್ ಕೆಟ್ಟಿಲ್ಲ. ಮೊದಲ ಎಕ್ಸ್‌ಪಿ ಸೆಕ್ಟರುಗಳನ್ನು 28 ಬಿಟ್ಟಿನಲ್ಲಿ ಎಣಿಸುತ್ತಿತ್ತು. 2ರ 28ನೇ ಘಾತ ಅಂದರೆ 26,84,35,456 ಸೆಕ್ಟರ್. ಒಂದೊಂದು 512 ಬೈಟ್. ಗುಣಿಸಿ ನೋಡಿ, ಅಷ್ಟೇ ಬರುತ್ತದೆ. ಸರ್ವಿಸ್ ಪ್ಯಾಕ್ 1 ರಿಂದ ಈ ಮಿತಿ ಹೋಯಿತು. 2008ರಲ್ಲಿ ಬಂದ ಸರ್ವಿಸ್ ಪ್ಯಾಕ್ 3 ಸೇರಿಸಿದ ಸಿಡಿ ಇಟ್ಟುಕೊಂಡರೆ ಈ ತಲೆನೋವು ಇಲ್ಲ.

ಎಎಚ್‌ಸಿಐ ಡ್ರೈವರ್ ಹಾಕಿಯೇ ತೀರಬೇಕು ಅನ್ನುವವರಿಗೆ ಸೆಟಪ್ ಶುರುವಿನಲ್ಲಿ ಒತ್ತುವ ಎಫ್6 ಇದೆ. ಆದರೆ ಎಕ್ಸ್‌ಪಿ ಆಗ ಕೇಳುವುದು ಫ್ಲಾಪಿಯನ್ನು. ಎನ್‌ಲೈಟ್‌ನಂಥ ಉಪಕರಣದಿಂದ ಡ್ರೈವರನ್ನು ಸಿಡಿಯೊಳಗೇ ಸೇರಿಸಿಕೊಳ್ಳಬಹುದು. ಕಾಟಾ ಮಷಿನ್ನಿಗೆ ಇಷ್ಟೆಲ್ಲ ಯಾಕೆ, ಐಡಿಇ ಮೋಡ್ ಸಾಕು.

ಎದ್ದ ಮೇಲೆ

ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳ) ಡ್ರೈವರ್ ಮೊದಲು, ಉಳಿದವು ಆಮೇಲೆ. ಎಲ್ಲವನ್ನೂ ಬೇರೆ ಕಂಪ್ಯೂಟರಿನಲ್ಲಿ ಮುಂಚೆಯೇ ಇಳಿಸಿ ಪೆನ್ ಡ್ರೈವಿನಲ್ಲಿ ಒಯ್ಯಿರಿ. ಎಕ್ಸ್‌ಪಿಯ ಹಳೆಯ ಬ್ರೌಸರಿನಲ್ಲಿ ಈಗಿನ ಬಹುಪಾಲು ಸೈಟುಗಳು ತೆರೆಯುವುದೇ ಇಲ್ಲ.

ಕಾಟಾ ಜೋಡಿಸಿದ ಮಷಿನ್ನಿನಲ್ಲಿ ಮೌಸ್ ಬಾಣ ದೆವ್ವ ಹಿಡಿದಂತೆ ಕುಣಿದರೆ ವೈರಸ್ ಅಂತ ಓಡಬೇಡಿ. ಬೂಟ್ ಆಗುವಾಗ ಕಾಟಾ ಸೀರಿಯಲ್ ಪೋರ್ಟಿಗೆ ತೂಕದ ಅಂಕಿ ಕಳಿಸುತ್ತಲೇ ಇರುತ್ತದೆ. ವಿಂಡೋಸ್ ಅದನ್ನು ಸೀರಿಯಲ್ ಮೌಸ್ ಅಂದುಕೊಳ್ಳುತ್ತದೆ. ಡಿವೈಸ್ ಮ್ಯಾನೇಜರಿನ ಮೌಸ್ ಪಟ್ಟಿಯಲ್ಲಿ 'ಸೀರಿಯಲ್ ಬಾಲ್‌ಪಾಯಿಂಟ್' ಅಂತ ಕಾಣಿಸುತ್ತದೆ. ಅದನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿದರೆ ಮುಂದಿನ ಬೂಟಿಗೆ ಮತ್ತೆ ಹಾಜರಾಗುತ್ತದೆ.

ಇನ್‌ಸ್ಟಾಲ್ ನಡೆಯುವಾಗ ಲ್ಯಾನ್ ಕೇಬಲ್ ಬಿಚ್ಚಿಡಿ. ಮುಗಿದ ಮೇಲೂ ಇಂಟರ್ನೆಟ್ ಬೇಕೇ ಬೇಕಾ ಅಂತ ಕೇಳಿ ಆಮೇಲೆ ಹಚ್ಚಿ. 2017ರ ಮೇ ತಿಂಗಳಲ್ಲಿ ವಾನಕ್ರೈ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ಹರಡಿದಾಗ ಮೈಕ್ರೋಸಾಫ್ಟ್, ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ಒಂದು ಪ್ಯಾಚ್ ಬಿಟ್ಟಿತ್ತು. ನೆಟ್‌ವರ್ಕಿಗೆ ಸೇರಿಸಲೇಬೇಕು ಅಂದರೆ ಆ ಪ್ಯಾಚನ್ನೂ ಪೆನ್ ಡ್ರೈವಿನಲ್ಲಿ ಒಯ್ದು, ಕೇಬಲ್ ಚುಚ್ಚುವ ಮೊದಲೇ ಹಾಕಿ.